ಬೇವಿನ ಮರದ ಪಾದ

ನಮ್ಮ ಮನೆಯ ಬೇವಿನ ಮರ ಅರ್ಧ ಸತ್ತಿತ್ತು.

ಅರ್ಧ ಎಂದರೆ ಬಾಯಿಮಾತಿನ ಅರ್ಧವಲ್ಲ. ಧೋತರವನ್ನು ನಟ್ಟನಡುವೆ ಹರಿದ ಹಾಗೆ ಸರಿಯಾಗಿ ಎರಡು ಪಾಲು. ನಮ್ಮ ಅಂಗಳದ ಮೇಲೆ ಚಾಚಿದ ಟೊಂಗೆಗಳೆಲ್ಲ ಬೋಳು. ಗೋಡೆ ದಾಟಿ ಪಕ್ಕದ ಮನೆಯ ಮೇಲೆ ಬಾಗಿದ ಟೊಂಗೆಗಳೆಲ್ಲ ಹಚ್ಚ ಹಸಿರು. ಮರ ನಮ್ಮದು, ಜಾಗ ನಮ್ಮದು, ಬುಡ ನಮ್ಮದು. ನೆರಳು ಮಾತ್ರ ಅವರದು. ಹೀಗೂ ಉಂಟೇ?

ಸಿಟ್ಟು ಬರುವುದಕ್ಕೆ ಇಷ್ಟು ಸಾಲದು ಎಂಬಂತೆ ಯುಗಾದಿ ಬಂತು. ಬೇವು-ಬೆಲ್ಲಕ್ಕೆ ಹೂ ಬೇಕು. ನಮ್ಮ ಕಡೆ ಹುಡುಕಿದರೆ ಒಂದು ಎಸಳೂ ಇಲ್ಲ. ಆಗ ಪಕ್ಕದ ಮನೆಯ ಶರಣವ್ವ ನಡುಗೋಡೆಯ ದಿಡ್ಡಿಬಾಗಿಲಿನಿಂದ ಬಂದು, ಒಂದು ಬಟ್ಟಲು ತುಂಬ ಬೇವಿನ ಹೂ ಇಟ್ಟು ಹೋದಳು. ನಮ್ಮದೇ ಮರದ ಹೂ. ನಮ್ಮವ್ವ ಆ ಬಟ್ಟಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೂವಿನ ಸಮೇತ ಅದನ್ನು ಗೋಡೆಯ ಮೇಲಿಟ್ಟು, ದಿಡ್ಡಿಬಾಗಿಲಿಗೆ ಅಗಳಿ ಹಾಕಿದಳು.

ಆ ಅಗಳಿ ಇವತ್ತು ಬೆಳಗಿನವರೆಗೂ ತೆಗೆದಿರಲಿಲ್ಲ.

ನನ್ನ ಪರಿಚಯ ನಿಮಗೆ ಹೊಸದಲ್ಲ. ಲಿಂಗಸುಗೂರಿನ ಸರ್ಕಾರಿ ಶಾಲೆಯಲ್ಲಿ ವಾರವಿಡೀ ಉರ್ದುವಿನಲ್ಲಿ ಭೂಗೋಳ ಹೇಳಿ, ಶುಕ್ರವಾರದ ಜುಮ್ಮಾ ರಜೆಗೆ ಮಸ್ಕಿಯ ಮನೆ ಸೇರಿ, ಕನ್ನಡದಲ್ಲಿ ಈ ಅಂಕಣ ಬರೆಯುವ ಮಾಸ್ತರ ನಾನು. (ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದಾಗಿರುತ್ತದೆ ಎಂದು ದಯವಿಟ್ಟು ಪತ್ರ ಬರೆಯಬೇಡಿ.) ಹೀಗಾಗಿ ಮರ ಒಣಗುವುದನ್ನು ನಾನು ವಾರಕ್ಕೊಂದು ಕಂತಿನಂತೆ ನೋಡಿದೆ. ಪ್ರತಿ ಸಲ ಬಂದಾಗಲೂ ಅಂಗಳದಲ್ಲಿ ಬಿಸಿಲು ತುಸು ಹೆಚ್ಚಾಗಿರುತ್ತಿತ್ತು, ಅವ್ವನ ಮಾತು ತುಸು ಕಡಿಮೆಯಾಗಿರುತ್ತಿತ್ತು.

ಅವ್ವ ಮತ್ತು ಶರಣವ್ವ ಈ ಓಣಿಗೆ ಸೊಸೆಯರಾಗಿ ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಒಬ್ಬರ ಒಲೆಯ ಕೆಂಡ ಇನ್ನೊಬ್ಬರ ಒಲೆ ಹೊತ್ತಿಸುತ್ತಿತ್ತು. ನಾನು ಹುಟ್ಟಿದಾಗ ಅವ್ವನಿಗೆ ಎರೆದು, ನನ್ನನ್ನು ಕಾಲ ಮೇಲೆ ಹಾಕಿಕೊಂಡು ಮೀಸಿದವಳು ಶರಣವ್ವ. ಆ ದಿಡ್ಡಿಬಾಗಿಲನ್ನು ಮಾಡಿಸಿದ್ದೇ ಇವರಿಬ್ಬರ ಓಡಾಟಕ್ಕಾಗಿ. ಬೀದಿಯಿಂದ ಸುತ್ತಿಕೊಂಡು ಹೋದರೆ ಎಲ್ಲಿ ಮಾತು ಆರಿ ಹೋಗುತ್ತದೋ ಎಂಬ ಅವಸರ ಅವರದು. ಅಂಥ ಬಾಗಿಲಿಗೆ ಅಗಳಿ ಬಿತ್ತು ಎಂದರೆ ಮರದ ರೋಗ ಸಣ್ಣದಲ್ಲ ಎಂದಾಯಿತು.

ಮನುಷ್ಯನಿಗೆ ಜ್ವರ ಬಂದರೆ ಹಕೀಮರಿದ್ದಾರೆ, ಡಾಕ್ಟರಿದ್ದಾರೆ. ಎಮ್ಮೆಗೆ ಬಂದರೂ ಯಾರೋ ಒಬ್ಬರು ಸಿಗುತ್ತಾರೆ. ಮರಕ್ಕೆ? ಮರಕ್ಕೆ ಇಡೀ ಓಣಿಯೇ ಡಾಕ್ಟರು.

ಒಬ್ಬರು ಕಣ್ಣು ತಾಗಿದೆ ಎಂದರು. ಕರಿ ಕಂಬಳಿಯ ದಾರದಲ್ಲಿ ಹಳೆಯ ಕಾಲ್ಜೋಡು ಕಟ್ಟಿ ತೂಗುಹಾಕಿದೆವು. ಬಿಸಿಲಿಗೆ ಮರದ ಜೊತೆ ಜೋಡೂ ಒಣಗಿತು. ಇನ್ನೊಬ್ಬರು ತೊಗಟೆ ಕೆರೆದು ಗೆದ್ದಲು ತೋರಿಸಿದರು. ಅದು ನಿಜವೇ ಆಗಿತ್ತು. ದೇಶದೇಶಗಳ ಈ ಲಡಾಯಿಯ ಕಾಲದಲ್ಲಿ ಸೀಮೆಎಣ್ಣೆ ಸಿಗುವುದೇ ದೊಡ್ಡ ಮಾತು. ದೀಪಕ್ಕೆಂದು ಕಾಯ್ದಿಟ್ಟದ್ದನ್ನು ತಂದು ಮರಕ್ಕೆ ಬಳಿದೆವು. ಗೆದ್ದಲು ಹೋಯಿತು, ಒಣಗುವುದು ಹೋಗಲಿಲ್ಲ. ಗೆದ್ದಲು ಸತ್ತ ಕಟ್ಟಿಗೆಯನ್ನು ತಿನ್ನಲು ಬಂದದ್ದು, ಕೊಲ್ಲಲು ಬಂದದ್ದಲ್ಲ ಎಂಬುದು ನಮಗೆ ಆಮೇಲೆ ಹೊಳೆಯಿತು.

ಮೂರನೆಯವರು ನೀರು ಸಾಲದಾಗಿದೆ ಎಂದರು. ಇದು ಎಲ್ಲರಿಗೂ ಸರಿ ಕಂಡಿತು. ನಮ್ಮ ಸೀಮೆಯಲ್ಲಿ ಯಾವುದಕ್ಕೆ ತಾನೇ ನೀರು ಸಾಕಾಗಿದೆ? ಅವ್ವ ಮತ್ತು ನನ್ನ ಹೆಂಡತಿ ಗೌರಿ ಬಾವಿಯಿಂದ ಕೊಡದ ಮೇಲೆ ಕೊಡ ಹೊತ್ತು ತಂದು ಬುಡಕ್ಕೆ ಸುರಿದರು. ಇಬ್ಬರ ಸೊಂಟವೂ ಬಿತ್ತು, ಇದ್ದ ನಾಲ್ಕು ಎಲೆಯೂ ಬಿತ್ತು.

ಕೊನೆಗೆ ಓಣಿಯ ಹೆಂಗಸೊಬ್ಬಳು ನೀರು ತರುವಾಗ ಅವ್ವನ ಕಿವಿಯಲ್ಲಿ ಒಂದು ಮಾತು ಹಾಕಿದಳು. ಇಂಗು.

ನಮ್ಮ ಕಡೆ ಇದನ್ನು ನಂಬದವರಿಲ್ಲ. ಬೇರಿಗೆ ತೂತು ಕೊರೆದು ಒಳಗೆ ಇಂಗು ತುಂಬಿದರೆ ಎಂಥ ಮರವೂ ಸದ್ದಿಲ್ಲದೆ ಒಣಗುತ್ತದಂತೆ. ಶರಣವ್ವನ ಗಂಡ ಬಸಲಿಂಗಪ್ಪನವರು ಸಿಂಧನೂರಿಗೆ ಹೋಗಿ ಇಂಗು ತಂದದ್ದನ್ನು ಕಣ್ಣಾರೆ ಕಂಡವರಿದ್ದಾರಂತೆ. ಬಸಲಿಂಗಪ್ಪನವರದು ಕಿರಾಣಿ ಅಂಗಡಿ. ಕಿರಾಣಿ ಅಂಗಡಿಯವರು ಸಿಂಧನೂರಿನಿಂದ ಇಂಗು ತರದೆ ಇನ್ನೇನು, ತುಪಾಕಿ ತರಬೇಕೇ? ನಾನು ಹೀಗೆಂದು ನಗಿಸಲು ನೋಡಿದೆ. ಅವ್ವ ನಗಲಿಲ್ಲ.

ಸಂಶಯಕ್ಕೆ ಕಾರಣವೂ ಸಿಕ್ಕಿತು. ಬೇವಿನ ಎಲೆ, ಹಣ್ಣು ಎಲ್ಲ ಅವರ ಅಂಗಳಕ್ಕೂ ಉದುರುತ್ತಿದ್ದವು. ಟೊಂಗೆಯ ಮೇಲಿನ ಕಾಗೆಗಳು ಶರಣವ್ವ ಒಣಹಾಕಿದ ಸಂಡಿಗೆಯನ್ನು ಕೆಡಿಸುತ್ತಿದ್ದವು. ಗುಡಿಸಿ ಗುಡಿಸಿ ರಟ್ಟೆ ಹೋಯಿತು ಎಂದು ಆಕೆ ಎಂದೋ ನಕ್ಕು ಆಡಿದ್ದ ಮಾತು ಈಗ ಸಾಕ್ಷಿಯಾಗಿ ಎದ್ದು ನಿಂತಿತು.

ಅವ್ವನ ಕೈಯಲ್ಲಿ ಇದಕ್ಕಿಂತ ದೊಡ್ಡ ಪುರಾವೆಯೂ ಇತ್ತು. ಅದನ್ನು ನನ್ನ ಮುಂದಿಟ್ಟಳು.

“ಅವರ ಕಡಿ ಯಾಕ ಹಸರ ಐತಿ, ನೀನ ಹೇಳು. ಇಂಗು ಇಡೋರು ತಮ್ಮ ಕಡಿ ಬೇರಿಗೆ ಇಟ್ಕೊಂತಾರೇನು?”

ಹಿಮಾಲಯದ ನದಿಗಳ ಹುಟ್ಟನ್ನು ಉರ್ದುವಿನಲ್ಲಿ ಹೇಳಬಲ್ಲ ನಾನು ಗೋಡೆಯಾಚೆಯ ಹಸಿರನ್ನು ನೋಡುತ್ತ ನಿಂತೆ. ಮಸ್ಕಿಯ ಗುಡ್ಡದಲ್ಲಿ ಎಂದೋ ಯಾರೋ ಬಂಡೆಗೆ ಕೆತ್ತಿಸಿದ ಅಕ್ಷರಗಳನ್ನು ಓದಲು ಎಲ್ಲೆಲ್ಲಿಂದಲೋ ಪಂಡಿತರು ಬರುತ್ತಾರೆ, ಓದಿಯೂ ಹೋಗುತ್ತಾರೆ. ಅಂಗಳದ ಮರ ಅರ್ಧ ಬೋಳು ಅರ್ಧ ಹಸಿರಾಗಿ ಏನು ಹೇಳುತ್ತಿದೆ ಎಂಬುದನ್ನು ಓದುವವರು ಮಾತ್ರ ಊರಲ್ಲಿ ಒಬ್ಬರೂ ಇರಲಿಲ್ಲ.

ಹೋದ ಜುಮ್ಮಾಕ್ಕೆ ಬಂದಾಗ ಅವ್ವ ತೀರ್ಮಾನ ಮಾಡಿಯೇ ಕೂತಿದ್ದಳು. ಮರವನ್ನು ಕಡಿಸುವುದು. ಅದಕ್ಕೆ ಮೊದಲು ಸೋಮವಾರ ಶರಣವ್ವ ಗುಡ್ಡದ ಮಲ್ಲಯ್ಯನ ಗುಡಿಯ ಮೆಟ್ಟಿಲ ಮೇಲೆ ನಿಂತು, ತಾವು ಇಂಗು ಇಟ್ಟಿಲ್ಲ ಎಂದು ಆಣೆ ಮಾಡುವುದು.

ಆಣೆ ಎಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ಮಾಡಿದವರು ಸತ್ಯವಂತರೇ ಆಗಿರಲಿ, ಮಾಡಿಸಿದವರ ಮನೆಯ ನೀರನ್ನು ಮತ್ತೆ ಮುಟ್ಟುವುದಿಲ್ಲ. ಮದುವೆಗೆ ಕರೆಯುವುದಿಲ್ಲ, ಸತ್ತರೆ ಮುಖ ನೋಡಲು ಬರುವುದಿಲ್ಲ. ಶರಣವ್ವನ ಹಟವೂ ನನಗೆ ಗೊತ್ತು. ಕರೆದರೆ ಬಂದೇ ಬರುತ್ತಾಳೆ, ಆಣೆ ಮಾಡಿ, ತಲೆಯೆತ್ತಿಕೊಂಡು ಇಳಿದು ಹೋಗುತ್ತಾಳೆ. ಅಲ್ಲಿಗೆ ಎಲ್ಲ ಮುಗಿಯಿತು. ಗೌರಿ ನನ್ನನ್ನು ಒಳಗೆ ಕರೆದು ಹೇಳಿದಳು: ಅತ್ತೆ ಹೊಟ್ಟೆ ತುಂಬ ಉಣ್ಣುವುದನ್ನು ಬಿಟ್ಟಿದ್ದಾರೆ, ಮಧ್ಯಾಹ್ನವೆಲ್ಲ ಆ ಅಗಳಿ ಹಾಕಿದ ಬಾಗಿಲ ಹತ್ತಿರವೇ ಕೂತಿರುತ್ತಾರೆ.

ಒಂದು ವಾರ ತಡೆ ಎಂದು ಅವ್ವನ ಕೈಹಿಡಿದು ಕೇಳಿಕೊಂಡೆ. ಹೂಂ ಅಂದಳು. ಆದರೆ ವಾರದಲ್ಲಿ ನಾನು ಮಾಡುವುದಾದರೂ ಏನು?

ನಾನೇನೂ ಮಾಡಲಿಲ್ಲ. ಮಾಡಿದ್ದೆಲ್ಲ ನಮ್ಮ ಮೋಟಾರು.

ಲಿಂಗಸುಗೂರಿನಿಂದ ಮಸ್ಕಿಗೆ ಬರುವ ಈ ಮೋಟಾರಿನ ಮಹಿಮೆ ನಿಮಗೆ ತಿಳಿದದ್ದೇ. ಪೆಟ್ರೋಲು ಲಡಾಯಿಗೆ ಹೋದಂದಿನಿಂದ ಅದು ಇದ್ದಿಲ ಗ್ಯಾಸಿನ ಮೇಲೆ ಓಡುತ್ತದೆ. ಓಡುತ್ತದೆ ಎನ್ನುವುದು ಮರ್ಯಾದೆಯ ಮಾತು. ನಿನ್ನೆ ಸಂಜೆ ದಾರಿಯಲ್ಲಿ ಅದರ ಉಸಿರು ನಿಂತಿತು. ಡ್ರೈವರ್ ಇಳಿದು ಹಿಂದಿನ ಡಬ್ಬಿಗೆ ಇದ್ದಿಲು ತುಂಬಿ, ಗಾಳಿ ಹಾಕುವ ಚಕ್ರ ತಿರುಗಿಸತೊಡಗಿದ. ನಾವೆಲ್ಲ ಇಳಿದು ರಸ್ತೆಬದಿಯ ಹುಣಸೆಮರಗಳ ಕೆಳಗೆ ಚೆದುರಿದೆವು.

ನಾನು ಒಂದು ಬೇರಿನ ಮೇಲೆ ಕೂತೆ. ಚಲೋ ಅಗಲವಾಗಿತ್ತು, ಮಣೆಯ ಹಾಗೆ. ಬೆನ್ನಿಗೆ ಬೊಡ್ಡೆ ಆನಿಸಿಕೊಂಡು ಮುಂದಿನ ಮರವನ್ನು ನೋಡಿದೆ. ಅದರ ಬೊಡ್ಡೆಯೂ ನೆಲ ಮುಟ್ಟುವ ಮುನ್ನ ಹರವಾಗಿ, ಆನೆಯ ಕಾಲಿನ ಹಾಗೆ ಅಗಲಿಸಿ, ಬೆರಳು ಬೆರಳಾಗಿ ಮಣ್ಣಿಗಿಳಿದಿತ್ತು. ಅದರಾಚೆಯದೂ ಹಾಗೆಯೇ. ರಸ್ತೆಯ ಆ ಬದಿಯ ಬೇವೂ ಹಾಗೆಯೇ. ಎದ್ದು ಒಂದೊಂದೇ ಮರದ ಬುಡಕ್ಕೆ ಹೋಗಿ ಬಗ್ಗಿ ನೋಡತೊಡಗಿದೆ.

ಏನು ಕಳೆದುಕೊಂಡಿರಿ ಮಾಸ್ತರ ಎಂದು ಯಾರೋ ಕೇಳಿದರು. ಪಾದ ಎನ್ನಲು ಹೋಗಿ ಸುಮ್ಮನಾದೆ.

ಎಲ್ಲ ಮರಕ್ಕೂ ಪಾದವಿತ್ತು. ನಮ್ಮ ಮರಕ್ಕೆ ಇರಲಿಲ್ಲ. ನಮ್ಮ ಬೇವು ಹಂದರಕ್ಕೆ ನೆಟ್ಟ ಕಂಬದ ಹಾಗೆ ನೆಟ್ಟಗೆ ಕಟ್ಟೆಯೊಳಗೆ ಇಳಿದುಹೋಗಿತ್ತು. ಆದರೆ ಚಿಕ್ಕಂದಿನಲ್ಲಿ ನಾನು ಅದರ ಬೇರಿನ ಮೇಲೆ ಕೂತು ಹುರಿದ ಶೇಂಗಾ ತಿಂದದ್ದು ನೆನಪಿದೆ. ಎರಡು ಬೇರಿನ ನಡುವಿನ ಸಂದು ನನ್ನ ಕುರ್ಚಿಯಾಗಿತ್ತು. ಆ ಕುರ್ಚಿ ಎಲ್ಲಿ ಹೋಯಿತು?

ಕಟ್ಟೆಯ ಕೆಳಗೆ ಹೋಗಿತ್ತು.

ಕಟ್ಟೆಯ ಕಥೆ ಹೇಳಬೇಕು. ಕೆಲವು ಮಳೆಗಾಲಗಳ ಹಿಂದೆ ನನ್ನ ಮಗಳಿಗೆ ಸಿಡುಬು ಎದ್ದಿತ್ತು. ಅವ್ವ ಆ ಮರದ ಕೆಳಗೇ ಬೇವಿನ ಎಲೆ ಹಾಸಿ ಕೂಸನ್ನು ಮಲಗಿಸಿ, ಬೇವಿನ ಟೊಂಗೆಯಿಂದಲೇ ಗಾಳಿ ಬೀಸುತ್ತ ಕೂತಿದ್ದಳು. ಕೂಸು ಉಳಿಯಿತು. ಉಳಿದರೆ ಕಟ್ಟೆ ಕಟ್ಟಿಸುವೆನೆಂದು ಅವ್ವ ಹರಕೆ ಹೊತ್ತಿದ್ದಳು. ಎಂಥ ಕಟ್ಟೆ ಅಂತೀರಿ! ನಮ್ಮ ಹೊಲದ ಎರೆಮಣ್ಣನ್ನು ಬಂಡಿಯಲ್ಲಿ ತಂದು ಎದೆಮಟ್ಟ ತುಂಬಿಸಿ, ಸುತ್ತಲೂ ಕಲ್ಲು ಕಟ್ಟಿಸಿ, ಬೆಲ್ಲದ ನೀರಿನಲ್ಲಿ ಅರೆದ ಸುಣ್ಣದ ಗಚ್ಚನ್ನು ಬೊಡ್ಡೆಯವರೆಗೂ ಮೆತ್ತಿಸಿದಳು. ಒಂದು ಹುಲ್ಲಿನ ಕಡ್ಡಿ ಏಳದ ಹಾಗೆ. ಪ್ರತಿ ಸೋಮವಾರ ಅದನ್ನು ತೊಳೆದು, ಸುಣ್ಣ-ಕಾವಿ ಬಳಿದು, ಮರಕ್ಕೆ ಕುಂಕುಮ ಹಚ್ಚುತ್ತಿದ್ದಳು. ಓಣಿಯಲ್ಲಿ ಅಷ್ಟು ಚೆಂದದ ಕಟ್ಟೆ ಇನ್ನೊಂದಿಲ್ಲ.

ಇವತ್ತು ಬೆಳಿಗ್ಗೆ ನಾನು ಕಬ್ಬಿಣದ ಹಾರೆ ಹಿಡಿದು ಆ ಕಟ್ಟೆ ಹತ್ತಿದೆ.

ಅವ್ವ ಅಡ್ಡ ಬಂದು ನಿಂತಳು. “ನಿನ್ನ ಮಗಳ ಜೀವ ಉಳಿಸಿದ ಕಟ್ಟಿ ಅದು. ಅದಕ್ಕ ಹಾರಿ ಹಾಕ್ತಿಯೇನು?”

“ಜೀವ ಉಳಿಸಿದ್ದು ಗಿಡ, ಯವ್ವಾ. ಕಟ್ಟಿ ಆಮ್ಯಾಲೆ ಬಂತು.”

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಕುಂಕುಮದ ಭರಣಿ ತಂದು, ಬೊಡ್ಡೆಗೆ ಹಚ್ಚಿ, ಹಣೆ ಮುಟ್ಟಿಸಿ, ಪಕ್ಕಕ್ಕೆ ಸರಿದು ನಿಂತಳು. ಹಾಕು ಎಂದಳು.

ಗಚ್ಚು ಸುಮ್ಮನೆ ಬಿಡಲಿಲ್ಲ. ಬೆಲ್ಲ ಹಾಕಿ ಅರೆದದ್ದಲ್ಲವೇ? ಕೊನೆಗೊಮ್ಮೆ ಒಂದು ಹೆಂಟೆ ಎದ್ದಾಗ ಒಳಗಿನಿಂದ ವಾಸನೆ ಬಂತು. ಹುಳಿತ ವಾಸನೆ. ಮೇಲೆ ಮಿರಗದ ಮಳೆಯ ಮುಂಚಿನ ಸುಡುಬಿಸಿಲು, ಒಳಗೆ ಕೆಸರು. ಅವ್ವ, ಗೌರಿ ಹೊತ್ತು ಸುರಿದ ನೀರೆಲ್ಲ ಬೊಡ್ಡೆಯ ಗುಂಟ ಒಳಗಿಳಿದು, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತಿತ್ತು. ಎರೆಮಣ್ಣು ಹಿಟ್ಟಿನಂತೆ ಬೊಡ್ಡೆಗೆ ಅಂಟಿತ್ತು. ಅದನ್ನು ಸರಿಸಿ ತೊಗಟೆ ಮುಟ್ಟಿದರೆ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಕೈಗೆ ಬಂತು. ನನ್ನ ಕುರ್ಚಿಯಾಗಿದ್ದ ಬೇರುಗಳು ಕಪ್ಪಾಗಿ ಕೊಳೆತು ಮಲಗಿದ್ದವು. ಮರಕ್ಕೆ ಬಾಯಾರಿಕೆಯಾಗಿಲ್ಲ, ಉಸಿರು ಕಟ್ಟಿದೆ ಎಂದು ಆಗ ತಿಳಿಯಿತು.

ಆಮೇಲೆ ಕಂಡದ್ದನ್ನು ಹೇಗೆ ಬರೆಯಲಿ?

ಕೊಳೆತ ತೊಗಟೆಯ ಮೇಲ್ಗಡೆ, ಮಣ್ಣಿನಲ್ಲಿ ಹೂತಿದ್ದ ಬೊಡ್ಡೆಯಿಂದಲೇ ಮರ ಹೊಸ ಬೇರು ಬಿಟ್ಟಿತ್ತು. ಬೇರು ಎಂದರೆ ಕೆಳಗಿಳಿಯಬೇಕು ಎಂದು ನಾವೆಲ್ಲ ತಿಳಿದಿದ್ದೇವೆ. ಇವು ಮೇಲಕ್ಕೆ ಹತ್ತಿದ್ದವು. ನೂಲಿನಷ್ಟು ಸಣ್ಣವು, ಬೆರಳಿನಷ್ಟು ದಪ್ಪನೆಯವು, ಕೆಸರನ್ನು ತಡವುತ್ತ ತಡವುತ್ತ ಕಲ್ಲಿನ ಸಂದುಗಳನ್ನು ಹುಡುಕಿಕೊಂಡು ಹೋಗಿದ್ದವು. ಗಚ್ಚಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ಬಿರುಕಿನ ಕೆಳಗೆ ಬೇರುಗಳ ಒಂದು ಗುಂಪೇ ಸೇರಿತ್ತು. ಬಾಯಿಟ್ಟು ಗಾಳಿ ಕುಡಿಯಲು ನೋಡಿದಂತೆ. ನಾವು ಆ ಕಟ್ಟೆಯ ಮೇಲೆ ಕೂತು ಊಟ ಮಾಡಿದ್ದೇವೆ, ನಕ್ಕಿದ್ದೇವೆ, ಎಲೆಯಡಿಕೆ ಹಾಕಿದ್ದೇವೆ. ಅದೇ ಹೊತ್ತಿಗೆ ನಮ್ಮ ಕೆಳಗೆ, ಕಣ್ಣಿಲ್ಲದ, ಕಾಲಿಲ್ಲದ, ಕೂಗಲು ಬಾರದ ಒಂದು ಜೀವ ಹೀಗೆ ಕತ್ತಲಲ್ಲಿ ದಾರಿ ಹುಡುಕುತ್ತಿತ್ತು. ಹುಡುಕುತ್ತಲೇ ನಮಗೆ ನೆರಳು ಕೊಟ್ಟಿತ್ತು. ಹೋದ ವರ್ಷದ ಯುಗಾದಿಗೆ ಹೂವನ್ನೂ ಕೊಟ್ಟಿತ್ತು.

ನಾನು ಹಾರೆ ಕೆಳಗಿಟ್ಟೆ. ಗುಡಿಗೆ ಹೋದರೂ ಕೈ ಮುಗಿಯಲು ಬೇಸರಪಡುವವನು ನಾನು. ಅಲ್ಲಿ ಮುಗಿದೆ.

ಮರ ಇದ್ದಕ್ಕಿದ್ದಂತೆ ಒಣಗಿತು ಎಂದು ನಾವು ಊರೆಲ್ಲ ಹೇಳಿಕೊಂಡು ಬಂದಿದ್ದೆವು. ಮರಕ್ಕೆ ಇದ್ದಕ್ಕಿದ್ದಂತೆ ಎಂಬುದು ಇದೆಯೇ? ಅದು ಕಟ್ಟೆ ಕಟ್ಟಿದ ದಿನವೇ ಸಾಯಲು ಶುರುಮಾಡಿತ್ತು. ಇದ್ದಕ್ಕಿದ್ದಂತೆ ಆದದ್ದು ನಮಗೆ ಕಣ್ಣು ಬಂದದ್ದು ಮಾತ್ರ. ಬಂದ ಕಣ್ಣು ಕೂಡ ಮೊದಲು ಹೋಗಿದ್ದು ಪಕ್ಕದ ಮನೆಯ ಕಡೆಗೆ.

ಇನ್ನು ಆ ಹಸಿರು ಪಾಲಿನ ಗುಟ್ಟು. ಗೋಡೆಯ ಕಡೆಗೆ ಕಟ್ಟೆಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ಸರಿಯಾಗಿ ತೂರುವಷ್ಟು ಜಾಗವಿಲ್ಲ. ಕಟ್ಟೆ ಕಟ್ಟಿದ ನಮ್ಮ ಗೌಂಡಿ ಅಲ್ಲಿ ಯಾರು ಬಗ್ಗಿ ನೋಡುತ್ತಾರೆ ಎಂದುಕೊಂಡಿರಬೇಕು. ಗಚ್ಚು ಹಾಕಿರಲೇ ಇಲ್ಲ. ಕಲ್ಲುಗಳನ್ನು ಸುಮ್ಮನೆ ಒಂದರ ಮೇಲೊಂದು ಪೇರಿಸಿ, ಮಣ್ಣನ್ನೂ ಅರೆಬರೆ ತುಂಬಿ ಕೈತೊಳೆದುಕೊಂಡಿದ್ದ. ಆ ಸಂದುಗಳಲ್ಲಿ ಗಾಳಿಯಾಡಿತ್ತು. ಅಲ್ಲಿ ತೊಗಟೆ ಗಟ್ಟಿಯಾಗಿತ್ತು, ಬೇರು ತೊಡೆಯಷ್ಟು ದಪ್ಪವಿತ್ತು. (ಮೈಗಳ್ಳತನವನ್ನು ಹೊಗಳಿ ಮಾಸ್ತರನೊಬ್ಬ ಬರೆಯುವುದು ಸರಿಯಲ್ಲ. ಆದರೂ ಆ ಪುಣ್ಯಾತ್ಮ ನೂರು ವರ್ಷ ಬಾಳಲಿ.) ಬೇರಿಗೆ ತೂತು ಕೊರೆದ ಗುರುತು ಎಲ್ಲೂ ಇರಲಿಲ್ಲ. ಇಂಗಿನ ವಾಸನೆಯಂತೂ ಇರಲೇ ಇಲ್ಲ.

ಅವ್ವ ಆ ದಪ್ಪ ಬೇರನ್ನು ಕೈಯಿಂದ ಸವರುತ್ತ ಹೋದಳು. ಅದು ಗೋಡೆಯ ಕೆಳಗೆ ನುಗ್ಗಿ ಮಾಯವಾಗಿತ್ತು. ಆಮೇಲೆ ಎದ್ದು, ಕೈಯ ಮಣ್ಣನ್ನೂ ಕೊಡವದೆ, ದಿಡ್ಡಿಬಾಗಿಲ ಅಗಳಿ ಎಳೆದಳು. ಯುಗಾದಿಯಿಂದ ಹಾಕಿದ್ದ ಅಗಳಿ ಬಿಗಿದುಕೊಂಡಿತ್ತು. ನಾನು ಸಹಾಯಕ್ಕೆ ಹೋದರೆ ನನ್ನ ಕೈ ಸರಿಸಿ ತಾನೇ ಎಳೆದು ತೆಗೆದಳು.

ಶರಣವ್ವ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವ್ವನನ್ನು ಕಂಡು ಸೆರಗು ಎಳೆದುಕೊಂಡು ಎದ್ದು ನಿಂತಳು. ಅವರ ಬಚ್ಚಲು ಇರುವುದು ನಡುಗೋಡೆಗೆ ಒತ್ತಿ. ಅದರ ನೀರು ಮೊದಲು ಹಿತ್ತಲಿನ ಮಲ್ಲಿಗೆ ಬಳ್ಳಿಗೆ ಹರಿಯುತ್ತಿದ್ದದ್ದು ನಮಗೆಲ್ಲ ಗೊತ್ತು. ಶರಣವ್ವನ ಮಲ್ಲಿಗೆ ಎಂದರೆ ಓಣಿಯ ಹೆಣ್ಣುಮಕ್ಕಳ ಜಡೆಗೆಲ್ಲ ಆಗುತ್ತಿತ್ತು. ಈಗ ಆ ಬಳ್ಳಿ ಒಣಗಿ ಚಪ್ಪರದ ಮೇಲೆ ಹುರಿಯ ಹಾಗೆ ಬಿದ್ದಿತ್ತು. ಬಚ್ಚಲ ಮೋರಿಗೆ ಯಾರೋ ಮಣ್ಣಿನ ಒಡ್ಡು ಹಾಕಿ, ನೀರನ್ನು ತಿರುಗಿಸಿ, ಗೋಡೆಯ ಬುಡಕ್ಕೆ ಬಿಟ್ಟಿದ್ದರು. ಬೇರು ಗೋಡೆ ದಾಟಿ ಬರುವ ಸರಿಯಾದ ಜಾಗಕ್ಕೆ.

ಅವ್ವ ಆ ಒಡ್ಡನ್ನು ನೋಡಿದಳು, ಬಳ್ಳಿಯನ್ನು ನೋಡಿದಳು. ಇದನ್ನು ಯಾರು ತಿರುಗಿಸಿದರು ಎಂದು ಕೇಳಿದಳು.

“ನಾನ, ಅಕ್ಕಾ,” ಎಂದಳು ಶರಣವ್ವ. “ನಿಮ್ಮ ಕಡಿ ಒಣಗಾಕತ್ತಿದ್ದು ಕಂಡೆ. ನೀ ಬಾಗಲಾ ಹಾಕಿದ್ದಿ, ಒಳಗ ಬಂದು ಹಾಕಂಗಿರಲಿಲ್ಲ. ಅದಕ ಇಲ್ಲಿಂದನ ಬಿಡಾಕತ್ತೀನಿ.”

“ಇಂಗಿನ ಮಾತು ನಿನಗ ಗೊತ್ತಿರಲಿಲ್ಲೇನು?”

“ಓಣಿಗೆಲ್ಲ ಗೊತ್ತಾಗಿದ್ದು ನನಗ ಗೊತ್ತಾಗಂಗಿಲ್ಲೇನು?”

“ಮತ್ತ ಯಾಕ ಬಿಟ್ಟಿ?”

ಶರಣವ್ವ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. “ಸಿಟ್ಟು ಬಂದಿದ್ದು ನಿನ್ನ ಮ್ಯಾಲೆ, ಅಕ್ಕಾ. ಗಿಡ ಏನ್ ಮಾಡಿತ್ತು?”

ಅವ್ವ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅಪ್ಪ ಹೋದಾಗ, ಮಗಳಿಗೆ ಸಿಡುಬು ಎದ್ದಾಗ. ಇವತ್ತು ಮತ್ತೆ ಕಂಡೆ. ಮಣ್ಣು ಮೆತ್ತಿದ ಕೈಯಿಂದಲೇ ಶರಣವ್ವನ ಕೈ ಹಿಡಿದುಕೊಂಡು, ನನ್ನ ಕಟ್ಟೀನ ಅದನ್ನ ಕೊಂದದ್ದು ಶರಣಾ, ನಾನ ಅದರ ಕುತ್ತಿಗಿಮಟ ಮಣ್ಣು ಹಾಕೀನಿ ಎಂದಳು. ಶರಣವ್ವ ತಂಬಿಗೆ ಎತ್ತಿಕೊಂಡು ಅವ್ವನ ಕೈಗೆ ನೀರು ಹಾಕತೊಡಗಿದಳು. ಆ ನೀರು ಕೂಡ ಒಡ್ಡಿನ ಗುಂಟ ಹರಿದು ಗೋಡೆಯ ಬುಡಕ್ಕೇ ಹೋಯಿತು. ಅವರಿಬ್ಬರನ್ನೂ ಅಲ್ಲೇ ಬಿಟ್ಟು ನಾನು ಈಚೆ ಬಂದೆ.

ಕಟ್ಟೆಯ ಕಲ್ಲನ್ನೆಲ್ಲ ಇಳಿಸಿದ್ದೇವೆ. ಬಸಲಿಂಗಪ್ಪನವರು ಅಂಗಡಿಗೆ ಬೀಗ ಹಾಕಿ ಬಂದು ಧೋತರ ಮೇಲೆ ಕಟ್ಟಿ ಮಣ್ಣು ಹೊತ್ತರು. ಇಂಗಿನ ಮಾತನ್ನು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮರದ ಪಾದ ಈಗ ಗಾಳಿಗೆ ಬಿದ್ದಿದೆ. ನಮ್ಮ ಕಡೆಯ ಅರ್ಧ ಚಿಗುರುತ್ತದೆಯೋ ಇಲ್ಲವೋ ನಾನು ಹೇಳಲಾರೆ. ಬಹಳ ತಡವಾಗಿದೆ ಎಂದು ನನ್ನ ಅನುಮಾನ. ಸತ್ತ ಟೊಂಗೆಗಳನ್ನು ಕಡಿಸಲೇಬೇಕಾಗಬಹುದು. ಉಳಿದ ಅರ್ಧ ಉಳಿಯುತ್ತದೆ. ಉಳಿಯದೆ ಏನು, ಅದನ್ನು ಉಳಿಸಿಕೊಳ್ಳಲು ಮಲ್ಲಿಗೆಯನ್ನೇ ಬಿಟ್ಟುಕೊಟ್ಟವರಿದ್ದಾರೆ.

ಮಧ್ಯಾಹ್ನ ಊಟಕ್ಕೆ ಶರಣವ್ವನ ಮನೆಯಿಂದ ಸಾರು ಬಂತು. ಇಂಗು ತುಸು ಹೆಚ್ಚೇ ಬಿದ್ದಿತ್ತು. ಅವ್ವ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಳು.

ಬರುವ ಸೋಮವಾರ ಗುಡ್ಡದ ಗುಡಿಯಲ್ಲಿ ಆಣೆ ಇಲ್ಲ. ಆದರೆ ಸೋಮವಾರ ತಪ್ಪದೆ ಕುಂಕುಮ ಹಚ್ಚುವ ನಮ್ಮವ್ವ ಈಗ ಭರಣಿ ಮುಂದಿಟ್ಟುಕೊಂಡು ಯೋಚನೆಗೆ ಬಿದ್ದಿದ್ದಾಳೆ. ನನ್ನನ್ನು ಕೇಳಿದಳು. ನಿಮ್ಮನ್ನೇ ಕೇಳುತ್ತೇನೆ: ಈ ಸಲ ಕುಂಕುಮ ಹಚ್ಚಬೇಕಾದದ್ದು ಮರಕ್ಕೋ, ಶರಣವ್ವನ ಬಚ್ಚಲಿಗೋ?